ಮಾಯದ ಹುಲ್ಲು

ಕೊಡಗಿಗೆ ಹುಲ್ಲನ್ನು ಹೊರಗಿನಿಂದ ಹೊತ್ತು ತರಬೇಕಾದ ಕಾಲವೊಂದು ಬಂದೀತೆಂದು ನಮ್ಮ ಹಿರಿಯರಾರೂ ಎಣಿಸಿರಲಾರರು. ಮಳೆ ಹಿಡಿದ ಎರಡೇ ವಾರಗಳಲ್ಲಿ ಕಲ್ಲಿನ ಸಂದಿಯಿಂದಲೂ ಹಸುರು ಇಣುಕುವ ನಾಡು ಅದು. ಗದ್ದೆಯ ಬದು, ಬಾಣೆಯ ಇಳಿಜಾರು, ಊರಿನ ಮಂದ್, ದಾರಿಯ ಎರಡು ಮಗ್ಗುಲು, ಎಲ್ಲಿ ನೋಡಿದರೂ ಹುಲ್ಲೇ ಹುಲ್ಲು. ಅಂಥ ನಾಡಿನಲ್ಲಿಯೂ ಈಗ ಸುರುಳಿ ಸುತ್ತಿದ ಹುಲ್ಲು ಲಾರಿಯಿಂದ ಇಳಿಯುತ್ತಲಿದೆ. ಹಾಕಿ ಮೈದಾನಕ್ಕೆ, ಹೋಂಸ್ಟೇಯ ಅಂಗಳಕ್ಕೆ, ರೆಸಾರ್ಟಿನ ಈಜುಕೊಳದ ಅಂಚಿಗೆ, ಪೇಟೆಮನೆಯ ತಾರಸಿಗೆ ಅದು ಬೇಕಾಗಿದೆ. ನೀರು ಬೇಡ, ಗೊಬ್ಬರ ಬೇಡ, ಕತ್ತರಿಸುವ ಆಳು ಬೇಡ. ಒಮ್ಮೆ ಹಾಸಿದರಾಯಿತು, ಹನ್ನೆರಡು ತಿಂಗಳೂ ಹಸುರು ಎಂದು ಮಾರುವವರು ಹೇಳುತ್ತಾರೆ. ಕೊಳ್ಳುವವರು ನಂಬುತ್ತಾರೆ. ನಾಲ್ಕು ಬೇಸಗೆ, ನಾಲ್ಕು ಮಳೆಗಾಲ ಕಳೆದ ಮೇಲೆ ಅಂಚು ಎದ್ದು, ಸಂದು ಬಿಟ್ಟು, ನಡುವೆ ಗುಳಿ ಬಿದ್ದಾಗ, ಇದನ್ನು ಸರಿಪಡಿಸುವುದು ಹೇಗೆಂಬ ಪ್ರಶ್ನೆ ಏಳುತ್ತದೆ.

ಕನ್ನಡದಲ್ಲಿ ‘ಮಾಯದ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮಾಯೆಯಿಂದಾದುದು ಎಂಬುದೊಂದು, ರಾಮನನ್ನು ಕುಟೀರದಿಂದ ದೂರಕ್ಕೆ ಸೆಳೆದೊಯ್ದ ಜಿಂಕೆ ಆ ಜಾತಿಯದು. ಗಾಯ ಮಾಯದೆ ಉಳಿಯಿತು ಎನ್ನುವಾಗ ಬರುವುದು ಇನ್ನೊಂದು. ಕೃತಕ ಹುಲ್ಲು ಎರಡು ಅರ್ಥದಲ್ಲಿಯೂ ಮಾಯದ ಹುಲ್ಲೇ ಸರಿ. ದೂರದಿಂದ ನೋಡುವವರ ಕಣ್ಣನ್ನು ಅದು ವಂಚಿಸುತ್ತದೆ. ಹರಿದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಗರಿಕೆಯನ್ನು ತುಳಿದರೆ ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತುತ್ತದೆ, ಕಿತ್ತರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಪ್ಲಾಸ್ಟಿಕ್ಕಿನ ಹುಲ್ಲಿಗಾದ ಗಾಯವನ್ನು ಮನುಷ್ಯನೇ ಕುಳಿತು ಮಾಯಿಸಬೇಕು. ಈ ವಾರದ ಮಾತು ಆ ಎರಡನೆಯ ಅರ್ಥವನ್ನು ಕುರಿತದ್ದು.

ಈ ಹುಲ್ಲಿನ ಹುಟ್ಟೂರು ಅಮೆರಿಕ. ಮಾನ್ಸಾಂಟೊ ಸಂಸ್ಥೆಯವರ ನೈಲಾನ್ ಹಾಸನ್ನು 1964ರಲ್ಲಿ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಹಾಸಿದರು. ಮರುವರ್ಷ ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೋಡೋಮ್ ಎಂಬ, ಚಾವಣಿಯುಳ್ಳ ಭಾರಿ ಕ್ರೀಡಾಂಗಣ ತೆರೆಯಿತು. ಚಾವಣಿಯ ಪಾರದರ್ಶಕ ಹಲಗೆಗಳಿಂದ ಬಿಸಿಲು ಕಣ್ಣು ಕುಕ್ಕುತ್ತದೆಂದು ಆಟಗಾರರು ದೂರಿದಾಗ ಅವುಗಳಿಗೆ ಬಣ್ಣ ಬಳಿದರು; ಬೆಳಕು ಸಾಲದೆ ಒಳಗಿನ ಹುಲ್ಲು ಸತ್ತುಹೋಯಿತು. 1966ರಲ್ಲಿ ಆ ಜಾಗಕ್ಕೆ ನೈಲಾನಿನ ಹುಲ್ಲು ಬಂದಿತು. ಆಸ್ಟ್ರೋಟರ್ಫ್ ಎಂಬ ಹೆಸರು ನಿಂತಿದ್ದು ಅಲ್ಲಿಂದಲೇ. ಬಿಸಿಲು ಸಾಲದ ಮನೆಯಲ್ಲಿ ಹೆಸರು ಗಳಿಸಿದ ವಸ್ತುವನ್ನು ನಾವು ಬಿಸಿಲಿನ ಬಯಲಿಗೆ ತಂದು ಹಾಸಿಕೊಂಡಿದ್ದೇವೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕೊಡಗಿನವರಿಗಂತೂ ಈ ಹಾಸು ಬರಿಯ ಅಲಂಕಾರದ ವಸ್ತುವಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಸೋಮವಾರಪೇಟೆಯ ಬಿ. ಪಿ. ಗೋವಿಂದ, ಇವರೆಲ್ಲ ನಿಜವಾದ ಹುಲ್ಲಿನಲ್ಲಿ ಆಡಿ ಬೆಳೆದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊತ್ತಮೊದಲಾಗಿ ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೆ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಅಂದಿನಿಂದ, ದೊಡ್ಡ ಆಟ ಆಡಬೇಕೆನ್ನುವ ಹುಡುಗ ಪ್ಲಾಸ್ಟಿಕ್ಕಿನ ಮೇಲೆ ಓಡಲು ಕಲಿಯದೆ ಗತಿಯಿಲ್ಲವಾಯಿತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ, ಆಮೇಲಿನ ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ಎಲ್ಲರೂ ಆ ಕಲಿಕೆಯನ್ನು ಕಲಿತವರೇ. ಇಂದು ಕೊಡಗಿನೊಳಗೇ ಪೊನ್ನಂಪೇಟೆ, ಕೂಡಿಗೆಗಳಲ್ಲಿ ಕೃತಕ ಹಾಸಿನ ಮೈದಾನಗಳುಂಟು. ಇಂಥ ಮೈದಾನದಲ್ಲಿ ಒಂದು ಸಂದು ಎದ್ದು ನಿಂತಿತೆಂದರೆ, ಅದು ನೋಟದ ಕೊರತೆಯಷ್ಟೇ ಅಲ್ಲ. ಬಗ್ಗಿ ಓಡುವ ಹುಡುಗಿಯ ಬೂಟಿನ ತುದಿ ಅದರಲ್ಲಿ ಸಿಕ್ಕಿದರೆ ಕಾಲಿನ ಕೀಲು ಉಳುಕುತ್ತದೆ. ಒಂದು ಋತುವಿನ ಆಟವೇ ಕೈತಪ್ಪುತ್ತದೆ.

ಕೊಡಗು ತಂಪು ಸೀಮೆ, ಇಲ್ಲಿ ಈ ಹಾಸಿಗೆ ಬಿಸಿಲಿನ ಬಾಧೆ ಎಲ್ಲಿಯದು ಎಂದು ಕೆಲವರು ಕೇಳಬಹುದು. ಅದು ತಪ್ಪು ತಿಳಿವಳಿಕೆ. ಪ್ಲಾಸ್ಟಿಕ್ ಕಾಯುವುದು ಗಾಳಿಯ ಬಿಸಿಯಿಂದಲ್ಲ, ನೇರವಾಗಿ ಬೀಳುವ ಬಿಸಿಲಿನಿಂದ. ಕೊಡಗಿನ ಅಕ್ಷಾಂಶ ಸುಮಾರು ಹನ್ನೆರಡು ಡಿಗ್ರಿ; ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಅಲ್ಲಿ ನೆತ್ತಿಗೆ ಸರಿಯಾಗಿ ನಿಲ್ಲುತ್ತಾನೆ. ಜೀವಂತ ಹುಲ್ಲು ಬೇರಿನಿಂದ ನೀರನ್ನು ಹೀರಿ ಎಲೆಯಿಂದ ಆವಿಯಾಗಿ ಬಿಡುತ್ತ ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಬೆವರಲು ಬಾರದು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು 2002ರಲ್ಲಿ ಅಳತೆ ಮಾಡಿ ನೋಡಿದಾಗ, ಸುಮಾರು 79 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದ್ದ ಹಾಸು ನೀರು ಹಾಯಿಸಿದೊಡನೆ 29 ಡಿಗ್ರಿಗೆ ಇಳಿಯಿತು. ಐದು ನಿಮಿಷಕ್ಕೆ 49 ಆಯಿತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ 73ಕ್ಕೆ ಏರಿತು. ಮಧ್ಯಾಹ್ನ ಹಾಸಿಗೆ ನೀರು ಚಿಮುಕಿಸಿ ಮಕ್ಕಳನ್ನು ಬರಿಗಾಲಿನಲ್ಲಿ ಬಿಡುವವರು ಈ ಲೆಕ್ಕವನ್ನು ಮರೆಯಬಾರದು.

ಬೇಸಗೆ ಹೀಗೆ ಕಾಯಿಸಿದುದನ್ನು ಮಳೆಗಾಲ ನೆನೆಸುತ್ತದೆ. ಮಡಿಕೇರಿಯ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಅಂಗಳವೆಂದರೆ ಅದರ ಮೇಲೆ 3 ಲಕ್ಷ ಲೀಟರ್ ನೀರು. 91.4 ಮೀಟರ್ ಉದ್ದ, 55 ಮೀಟರ್ ಅಗಲದ ಹಾಕಿ ಮೈದಾನವೆಂದರೆ ಒಂದೂವರೆ ಕೋಟಿ ಲೀಟರ್. ಇದರಲ್ಲಿ ಬಹುಪಾಲು ಮೂರು ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಈ ನೀರಿಗೆ ಇಳಿಯಲು ದಾರಿಯಿಲ್ಲದಿದ್ದರೆ ಎಷ್ಟು ಬೆಲೆಯ ಹಾಸಾದರೂ ಉಳಿಯದು. ಬಿಸಿಲು ಅಂಟನ್ನು ಸಡಿಲಿಸುತ್ತದೆ, ಮಳೆ ಅದನ್ನು ಬಿಡಿಸುತ್ತದೆ. ಇದು ಕೊಡಗಿನ ಹಾಸಿನ ರೋಗದ ಮೂಲ.

ದುರಸ್ತಿಗೆ ಕೈಹಾಕುವ ಮೊದಲು ಹಾಸಿನ ಅಂಗಾಂಗಗಳನ್ನು ಅರಿತಿರಬೇಕು. ಮೇಲೆ ಕಾಣುವ ಎಳೆಗಳು ಈಗ ಹೆಚ್ಚಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅವನ್ನು ತಳಬಟ್ಟೆಯೊಂದಕ್ಕೆ ಸಾಲುಸಾಲಾಗಿ ಹೊಲಿದು, ಹಿಂಬದಿಗೆ ಲೇಟೆಕ್ಸ್ ಅಥವಾ ಪಾಲಿಯುರೆಥೇನ್ ಬಳಿದು ಬಿಗಿಮಾಡಿರುತ್ತಾರೆ. ನೀರಿಳಿಯಲೆಂದು ತಳದಲ್ಲಿ ಅಲ್ಲಲ್ಲಿ ತೂತುಗಳು. ಮನೆಯಂಗಳದ ಹಾಸಿನಲ್ಲಿ ಎಳೆಗಳ ಬುಡಕ್ಕೆ ಸಣ್ಣ ಮರಳನ್ನು ತುಂಬಿರುತ್ತಾರೆ. ಎಳೆ ನೆಟ್ಟಗೆ ನಿಲ್ಲುವುದೂ ಹಾಸು ಮೇಲೇಳದಿರುವುದೂ ಆ ಮರಳಿನ ಭಾರದಿಂದ. ದೊಡ್ಡ ಪಂದ್ಯಗಳ ಹಾಕಿ ಹಾಸಿಗೆ ಮರಳಿಲ್ಲ. ಆಟಕ್ಕೆ ಮೊದಲು ನೀರು ಹಾಯಿಸುತ್ತಾರೆ. ಎರಡು ಹಾಸುಗಳು ಕೂಡುವ ಸಂದಿನ ಅಡಿಯಲ್ಲಿ ಅಗಲವಾದ ಪಟ್ಟಿ, ಅದರ ಮೇಲೆ ಅಂಟು. ಎಲ್ಲಕ್ಕೂ ಕೆಳಗೆ ದಮ್ಮಸು ಮಾಡಿದ ಜಲ್ಲಿಯ ಪದರ. ಕಣ್ಣಿಗೆ ಬೀಳುವುದು ಎಳೆ ಮಾತ್ರ; ಕೆಡುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಅಡಿಯ ಭಾಗ.

ಹೀಗಾಗಿ ಗುಳಿ ಬಿದ್ದಲ್ಲಿ ಮೇಲಿನಿಂದ ಮರಳು ಸುರಿದು ಮಟ್ಟ ಮಾಡುವುದು ದುರಸ್ತಿಯಲ್ಲ. ಅಂಚಿನಿಂದ ಹಾಸನ್ನು ಬಿಡಿಸಿ ಮಡಚಿ, ಅಡಿಯಲ್ಲಿ ಏನಾಗಿದೆಯೆಂದು ನೋಡಬೇಕು. ಹೆಗ್ಗಣದ ಬಿಲವೊ, ಕೊಚ್ಚಿಹೋದ ಜಲ್ಲಿಯೊ, ನೀರು ಕಟ್ಟಿದ ಕೆಮ್ಮಣ್ಣೊ ಆಗ ತಿಳಿಯುತ್ತದೆ. ಕೆಸರನ್ನು ತೆಗೆದು, ಜಲ್ಲಿ ತುಂಬಿ, ಪದರಪದರವಾಗಿ ದಮ್ಮಸು ಮಾಡಿ, ನೂರಡಿಗೆ ಒಂದಡಿಯಾದರೂ ಇಳಿಜಾರು ಉಳಿಯುವಂತೆ ನೋಡಿಕೊಂಡು ಹಾಸನ್ನು ಮರಳಿ ಎಳೆಯಬೇಕು. ನೀರು ಹೊರಗೆ ಹರಿಯುವ ಚರಂಡಿಯ ಬಾಯಿ ತೆರೆದಿದೆಯೇ ಎಂದೂ ನೋಡಬೇಕು. ಬಾಯಿ ಕಟ್ಟಿದ ಚರಂಡಿಯೊಂದು ಹತ್ತು ಜನರ ದುರಸ್ತಿಯನ್ನು ಒಂದೇ ಮಳೆಗೆ ಅಳಿಸಿಬಿಡುತ್ತದೆ.

ಸಂದು ಬಿಟ್ಟುದನ್ನು ಕೂಡಿಸುವುದು ತಾಳ್ಮೆಯ ಕೆಲಸ. ಎರಡು ಬದಿಗೂ ಅರ್ಧ ಅಡಿಯಷ್ಟು ಮರಳನ್ನು ತೆಗೆದು, ಹಳೆಯ ಅಂಟನ್ನು ಕೆರೆದು, ತಳಬಟ್ಟೆಯನ್ನು ಪೂರ್ತಿಯಾಗಿ ಒಣಗಿಸಬೇಕು. ಹೊಸ ಪಟ್ಟಿಯನ್ನು ಅಡಿಗೆ ಹಾಸಿ, ಹಲ್ಲುಳ್ಳ ಕರಣೆಯಿಂದ ಅಂಟನ್ನು ಸಮನಾಗಿ ಬಳಿದು, ಅದು ಸ್ವಲ್ಪ ಬಿಗಿಯುವವರೆಗೆ ಕಾದು, ಎಳೆಗಳು ಅಂಟಿನೊಳಗೆ ಸಿಕ್ಕದಂತೆ ಎರಡು ಅಂಚುಗಳನ್ನೂ ಮೆಲ್ಲಗೆ ಇಳಿಸಬೇಕು. ಹೊಲಿಗೆಯ ಸಾಲುಗಳ ನಡುವೆ ಎಷ್ಟು ಅಂತರವಿದೆಯೋ ಅಂಚುಗಳ ನಡುವೆಯೂ ಅಷ್ಟೇ ಇರಬೇಕು. ಹೆಚ್ಚಾದರೆ ಬೈತಲೆ ತೆಗೆದಂತೆ ಕಾಣುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. ಮೇಲೆ ಮರಳಿನ ಚೀಲಗಳನ್ನಿರಿಸಿ ಒಂದು ಹಗಲು ಒಂದು ರಾತ್ರಿ ಯಾರೂ ಕಾಲಿಡದಂತೆ ಕಾಯಬೇಕು.

ಇಲ್ಲಿ ಹವೆಯ ಮಾತು ಬರುತ್ತದೆ. ಈ ಕೆಲಸಕ್ಕೆ ಬಳಸುವ ಎರಡು ಡಬ್ಬಿಗಳ ಪಾಲಿಯುರೆಥೇನ್ ಅಂಟು ಬಿಸಿಲಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಆದುದರಿಂದ ಬೇಸಗೆಯಲ್ಲಿ ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಕಲಸಬೇಕು. ಒದ್ದೆ ತಗುಲಿದರೆ ಅದೇ ಅಂಟು ನೊರೆಯೆದ್ದು ಟೊಳ್ಳಾಗುತ್ತದೆ. ಹಾಸು ಕೂಡ ಸುಮ್ಮನಿರುವ ವಸ್ತುವಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಇರುಳಿಗೆ ಕುಗ್ಗುತ್ತದೆ. ನಡುಮಧ್ಯಾಹ್ನ ಅಳೆದು ಕತ್ತರಿಸಿದ ತುಂಡು ರಾತ್ರಿ ಕುಗ್ಗಿ ಸಂದು ಬಾಯಿ ತೆರೆಯುತ್ತದೆ. ಚಳಿಯ ಮುಂಜಾನೆ ಬಿಗಿಯಾಗಿ ಕೂಡಿಸಿದುದು ಮಧ್ಯಾಹ್ನಕ್ಕೆ ಸುಕ್ಕುಗಟ್ಟುತ್ತದೆ. ಸುರುಳಿಯ ಬಾಗು ಹೋಗಲೆಂದು ಹೊಸ ತುಂಡನ್ನು ಮೊದಲು ಕೆಲವು ಗಂಟೆ ಬಿಸಿಲಿನಲ್ಲಿ ಹರಡಿಟ್ಟು, ಇಬ್ಬನಿ ಆರಿದ ಮೇಲಿನ ಬೆಳಗಿನ ಹೊತ್ತಿನಲ್ಲೊ ಇಳಿಬಿಸಿಲಿನಲ್ಲೊ ಕೂಡಿಸುವುದು ಯೋಗ್ಯ.

ಸುಟ್ಟ ತೂತುಗಳಿಗೆ ತೇಪೆಯೇ ಮದ್ದು. ಹೋಂಸ್ಟೇಗಳಲ್ಲಿ ಇವು ಹೆಚ್ಚು. ಅತಿಥಿಗಳ ವಿನೋದಕ್ಕೆಂದು ಇರುಳು ಹೊತ್ತಿಸುವ ಬೆಂಕಿಯ ಒಂದು ಕಿಡಿ ಹಾರಿದರೆ ಸಾಕು. ಪಾಲಿಎಥಿಲೀನ್ ಸುಮಾರು 120 ಡಿಗ್ರಿಗೆಲ್ಲ ಕರಗಿ ಮುದ್ದೆಯಾಗುತ್ತದೆ. ದೊಡ್ಡ ಗಾಜಿನ ಕಿಟಕಿಯಿಂದ ಪ್ರತಿಫಲಿಸಿದ ಬಿಸಿಲು ಒಂದೇ ಕಡೆ ಬಿದ್ದೂ ಎಳೆಗಳು ಕರಗುವುದುಂಟು. ಅಲ್ಲಿ ತೇಪೆ ಹಾಕುವುದಕ್ಕಿಂತ ಮೊದಲು ಕಿಟಕಿಗೆ ಪರದೆ ಹಾಕಬೇಕು. ಕೆಟ್ಟ ಭಾಗವನ್ನು ಚೌಕವಾಗಿ, ಹಿಂಬದಿಯಿಂದ, ಹೊಲಿಗೆಯ ಸಾಲುಗಳ ನಡುವೆ ಕತ್ತರಿಸಬೇಕು. ತೇಪೆಯ ಎಳೆಗಳು ಒರಗುವ ದಿಕ್ಕೂ ಸುತ್ತಲಿನ ಎಳೆಗಳ ದಿಕ್ಕೂ ಒಂದೇ ಆಗಿರಬೇಕು. ಹೊಸ ತುಂಡು ಕಡುಹಸುರಾಗಿ, ಬಿಸಿಲಿಗೆ ಬಾಡಿದ ಹಳೆಯ ಹಾಸಿನ ನಡುವೆ ಎದ್ದು ಕಾಣುತ್ತದೆ. ಅದಕ್ಕೊಂದು ಉಪಾಯವುಂಟು: ಯಾರೂ ನೋಡದ ಮೂಲೆಯಿಂದ ಹಳೆಯ ತುಂಡೊಂದನ್ನು ಕತ್ತರಿಸಿ ನಡುವಿಗೆ ಹಾಕುವುದು, ಹೊಸತನ್ನು ಆ ಮೂಲೆಗೆ ಹಾಕುವುದು. ಹಳೆಯ ಸೀರೆಗೆ ಸೆರಗಿನ ಒಳಮಡಿಕೆಯಿಂದ ಬಟ್ಟೆ ತೆಗೆದು ತೇಪೆ ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಉಪಾಯವನ್ನು ಹೇಳಿಕೊಡಬೇಕಾಗಿರಲಿಲ್ಲ.

ಒರಗಿದ ಎಳೆಗಳನ್ನು ಎಬ್ಬಿಸಲು ಗಟ್ಟಿಯಾದ ಪೊರಕೆ ಸಾಕು. ಒರಗಿದ ದಿಕ್ಕಿಗೆ ಎದುರಾಗಿ, ತಂಪು ಹೊತ್ತಿನಲ್ಲಿ ಗುಡಿಸಬೇಕು. ಕಾದಾಗ ಎಳೆ ಮೆತ್ತಗಿರುವುದರಿಂದ ಉಜ್ಜಿದರೆ ಕೆಡುತ್ತದೆ. ಕಬ್ಬಿಣದ ತಂತಿಯ ಬ್ರಷ್ಷನ್ನಂತೂ ಮುಟ್ಟಿಸಲಾಗದು. ಮಳೆಯಲ್ಲಿ ಕೊಚ್ಚಿಹೋದ ಮರಳಿನ ಬದಲಿಗೆ ತೊಳೆದು ಒಣಗಿಸಿದ, ದುಂಡು ಕಾಳಿನ ಸಿಲಿಕಾ ಮರಳನ್ನು ತುಂಬಬೇಕು. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಅಗ್ಗವೆಂದು ತುಂಬಿದರೆ ಅದರ ಚೂಪು ಕಾಳುಗಳು ಎಳೆಗಳನ್ನು ಸವೆಸುತ್ತವೆ. ಸಿಲ್ವರ್ ಓಕಿನ ನೆರಳಿನಲ್ಲಿರುವ ಹಾಸಿನ ಮೇಲಿನ ತರಗನ್ನು ಆಗಾಗ ಗುಡಿಸಬೇಕು. ಇಲ್ಲವಾದರೆ ಅದು ಕೊಳೆತು ಮಣ್ಣಾಗುತ್ತದೆ, ಮಣ್ಣಿನಲ್ಲಿ ಪಾಚಿ ಹಿಡಿಯುತ್ತದೆ, ಎಲ್ಲಿಂದಲೋ ಬಂದ ಬೀಜ ಮೊಳೆಯುತ್ತದೆ. ಆಗ ಸುಳ್ಳು ಹುಲ್ಲಿನ ನಡುವೆ ಹುಟ್ಟಿದ ನಿಜವಾದ ಹುಲ್ಲನ್ನು ಕಳೆಯೆಂದು ಕೀಳುವ ವಿಚಿತ್ರ ಕೆಲಸ ನಮ್ಮ ಪಾಲಿಗೆ ಬರುತ್ತದೆ! ಪಾಚಿಗೆಂದು ಕಟುವಾದ ರಾಸಾಯನಿಕಗಳನ್ನು ಸುರಿಯುವುದು ಬೇಡ. ಒಣಗಿದ ಮೇಲೆ ಕೆರೆದು ತೆಗೆಯಬಹುದು. ಅಂಗಳದ ನೀರು ಹರಿಯುವುದು ಬಾವಿಯ ಕಡೆಗೊ ತೋಡಿನ ಕಡೆಗೊ ತಾನೆ?

ಇದನ್ನೆಲ್ಲ ಯಾವಾಗ ಮಾಡಬೇಕೆಂಬುದಕ್ಕೆ ಕೊಡಗಿನ ಪಂಚಾಂಗವೇ ಉತ್ತರ ಹೇಳುತ್ತದೆ. ಕಾಫಿ ಕೊಯ್ಲು ಮುಗಿದು ಬೆಳೆಗಾರನು ಹೂಮಳೆಗಾಗಿ ಆಕಾಶ ನೋಡುತ್ತಿರುವ ದಿನಗಳೇ ಅಂಟಿನ ಕೆಲಸಕ್ಕೆ ಒಳ್ಳೆಯ ದಿನಗಳು. ನೆಲ ಒಣಗಿರುತ್ತದೆ, ಬಿಸಿಲು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮೇ ತಿಂಗಳಲ್ಲಿ ಚರಂಡಿ ಬಿಡಿಸಬೇಕು. ಕಕ್ಕಡದ ಜಡಿಮಳೆಯಲ್ಲಿ ದುರಸ್ತಿಗೆ ಹೊರಡುವುದು ಹಣವನ್ನು ಹೊಳೆಗೆ ಹಾಕಿದಂತೆ. ಕೈಲ್ ಪೊಳ್ದ್ ಹಬ್ಬಕ್ಕೆ ಆಯುಧಗಳನ್ನು ತೊಳೆದು ನೋಡುವ ಹೊತ್ತಿನಲ್ಲಿ ಅಂಗಳದ ಹಾಸನ್ನೂ ಒಮ್ಮೆ ಸುತ್ತಿ ನೋಡಿ, ಮಳೆ ಎಲ್ಲೆಲ್ಲಿ ಗಾಯ ಮಾಡಿದೆಯೆಂದು ಗುರುತು ಹಾಕಿಟ್ಟರೆ, ಮುಂದಿನ ಒಣದಿನಗಳಲ್ಲಿ ಕೆಲಸ ಹಗುರವಾಗುತ್ತದೆ. ಅಂಗೈಯಷ್ಟು ಸಂದು ಬಿಟ್ಟಾಗ ಒಬ್ಬಾಳಿನ ಅರ್ಧ ದಿನದ ಕೆಲಸ; ಒಂದು ಮಳೆಗಾಲ ಹಾಗೆಯೇ ಬಿಟ್ಟರೆ ಇಡೀ ಹಾಸನ್ನೇ ಎತ್ತಿಸಬೇಕಾದೀತು.

ತೇಪೆಗೂ ಒಂದು ಮಿತಿಯುಂಟು. ಎಳೆಯನ್ನು ಬೆರಳುಗಳ ನಡುವೆ ಹೊಸಕಿದಾಗ ಪುಡಿಯಾಗಿ ಉದುರಿದರೆ, ಬಿಸಿಲು ಅದರ ಸತ್ವವನ್ನು ತಿಂದುಹಾಕಿದೆಯೆಂದೇ ತಿಳಿಯಬೇಕು. ಆಮೇಲೆ ಅಂಟು, ಪಟ್ಟಿ, ಮರಳು ಯಾವುದೂ ನಿಲ್ಲದು. ಹಾಗೆ ಉದುರಿದ ಪುಡಿ ಎಲ್ಲಿಗೆ ಹೋಗುತ್ತದೆ? ಮಳೆನೀರಿನೊಡನೆ ತೋಡಿಗೆ, ತೋಡಿನಿಂದ ಹೊಳೆಗೆ, ಕೊಡಗಿನ ಬಹುಭಾಗದಲ್ಲಿ ಕೊನೆಗೆ ಕಾವೇರಿಗೆ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕೈಮುಗಿದು ಬಂದು, ಅದೇ ನೀರಿಗೆ ಅಂಗಳದಿಂದ ಪ್ಲಾಸ್ಟಿಕ್ ಪುಡಿಯನ್ನು ಕಳುಹಿಸುವುದು ಯಾವ ನ್ಯಾಯ? ಹೊರದೇಶಗಳವರೂ ಈ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ. ಕೃತಕ ಮೈದಾನಗಳಿಗೆ ತುಂಬುವ ಪ್ಲಾಸ್ಟಿಕ್ ಮತ್ತು ರಬ್ಬರಿನ ಕಾಳುಗಳ ಮಾರಾಟವನ್ನು ಎಂಟು ವರ್ಷಗಳ ಗಡುವಿನ ಬಳಿಕ ನಿಲ್ಲಿಸಬೇಕೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಟ್ಟಳೆ ಮಾಡಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತ ಕಂಚು ಗೆದ್ದ ಹಾಕಿ ಹಾಸಿನ ಎಳೆಗಳಲ್ಲಿ ಹೆಚ್ಚಿನ ಪಾಲು ಕಬ್ಬಿನಿಂದ ತಯಾರಿಸಿದ ಪ್ಲಾಸ್ಟಿಕ್; ಹಿಂದಿನ ಹಾಸುಗಳಿಗಿಂತ ಕಡಿಮೆ ನೀರಿನಲ್ಲಿ ಆಡಬಹುದಾದ ಹಾಸು ಅದು. ಕಬ್ಬಿನದಾದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ, ಅದಕ್ಕೂ ಮುಪ್ಪುಂಟು. ಮುಪ್ಪಾದ ಹಾಸನ್ನು ತೋಟದ ಮೂಲೆಯಲ್ಲಿ ಸುಡದೆ, ಹೊಳೆದಂಡೆಯಲ್ಲಿ ಎಸೆಯದೆ, ಹಾಸಿಕೊಟ್ಟವರೇ ಮರಳಿ ಒಯ್ಯಬೇಕೆಂದು ಕೊಳ್ಳುವಾಗಲೇ ಕರಾರು ಮಾಡಿಕೊಳ್ಳುವುದು ಜಾಣತನ.

ಹಾಗಾದರೆ ಈ ಹಾಸೇ ಬೇಡವೆ? ಹಾಕಿ ಕಲಿಯುವ ಮಕ್ಕಳಿಗೆ ಬೇಕು. ಅದಿಲ್ಲದೆ ಅವರು ಜಗತ್ತಿನೆದುರು ಆಡಲಾರರು. ಆದರೆ ಮೈದಾನ ಹಾಸಿದ ದಿನ ರಿಬ್ಬನ್ ಕತ್ತರಿಸಲು ಒದಗುವ ಹಣದಂತೆಯೇ, ವರ್ಷವರ್ಷವೂ ಸಂದು ಕೂಡಿಸುವುದಕ್ಕೂ ಹಣ ತೆಗೆದಿರಿಸಬೇಕು. ಮನೆಯಂಗಳದ ಮಾತು ಬೇರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಮೊದಲ ವರ್ಷ 60 ಕುಟುಂಬಗಳು ಬಂದಿದ್ದುವು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ ಮೊಮ್ಮಕ್ಕಳು ಒಂದೇ ತಂಡದಲ್ಲಿ ಓಡಾಡುವ ಆ ಹಬ್ಬವನ್ನು ಇಷ್ಟು ವರ್ಷ ಹೊತ್ತು ನಿಂತದ್ದು ಊರೂರಿನ ಸಾಮಾನ್ಯ ಬಯಲುಗಳು. ಬೇಸಗೆಯಲ್ಲಿ ಸಾವಿರ ಕಾಲುಗಳು ತುಳಿದು ಬೋಳಾಗಿಸಿದ ನೆಲಕ್ಕೆ ಜೂನಿನ ಮಳೆ ಬಿದ್ದರೆ ಸಾಕು, ಮತ್ತೆ ಹಸುರು. ಆ ದುರಸ್ತಿಗೆ ಯಾರೂ ಕೂಲಿ ಕೊಡಬೇಕಾಗಿಲ್ಲ.

ನೆಲಕ್ಕೆ ಮಳೆ ಮಾಡುವ ಈ ಕೆಲಸವನ್ನು, ಪ್ಲಾಸ್ಟಿಕ್ ಹಾಸಿದವನು ತನ್ನ ಕೈಯಿಂದಲೇ ಮಾಡುವುದಾಗಿ ಒಪ್ಪಿಕೊಂಡಂತಾಯಿತು. ಆ ಒಪ್ಪಂದ ಯಾವ ರಸೀದಿಯಲ್ಲಿಯೂ ಬರೆದಿರುವುದಿಲ್ಲ. ಪೊರಕೆ, ಕರಣೆ, ಅಂಟಿನ ಡಬ್ಬಿಗಳನ್ನು ಹಿಡಿದು ವರ್ಷಕ್ಕೆರಡು ಸಲ ಮೊಣಕಾಲೂರಲು ಸಿದ್ಧರಿರುವವರು ಧಾರಾಳವಾಗಿ ಹಾಸಲಿ. ಉಳಿದವರು ಅಂಗಳದಲ್ಲಿ ಒಂದು ಹಿಡಿ ಗರಿಕೆಯ ಬೇರು ನೆಟ್ಟು, ಜೂನ್ ತಿಂಗಳಿಗಾಗಿ ಕಾಯುವುದೇ ಲೇಸು.